ನಿಗೊಡೊನ್‌ನ ಕೊಂಬು

ನಿಗೊರಿಸೆ ಊರಿನ ವಸ್ತುಸಂಗ್ರಹಾಲಯದಲ್ಲಿ ನೋಡುವಂಥದ್ದು ಒಂದೇ ಇತ್ತು, ಅದರಲ್ಲೂ ಮುಕ್ಕಾಲು ಪಾಲು ಇರಲಿಲ್ಲ. ನಡುಕೋಣೆಯ ಬೂದುಗೋಡೆಯ ಮೇಲೆ ಕೆಳದವಡೆಯ ಒಂದು ತುಂಡು, ಕತ್ತಿನ ಮೂರು ಮೂಳೆ, ಅಷ್ಟು ದೂರದಲ್ಲಿ ಹಿಂಗಾಲಿನ ಒಂದು ಪಾದ. ಇವುಗಳ ನಡುವೆ ಬರೀ ಗೋಡೆ. ಕೋಟ್ಯಂತರ ವರ್ಷಗಳ ಹಿಂದೆ ಮೇಕೆಯಷ್ಟು ಎತ್ತರವಿದ್ದ, ಸೊಪ್ಪು ತಿಂದು ಬದುಕುತ್ತಿದ್ದ ಒಂದು ಪ್ರಾಣಿ ಅಲ್ಲಿ ನಿಂತಿತ್ತು. ನಿಂತಿದೆ ಎನ್ನುವುದನ್ನು ನೋಡುವವರೇ ಊಹಿಸಿಕೊಳ್ಳಬೇಕಿತ್ತು.

ಅಲ್ಲಿನ ಸಂಶೋಧಕಿ ನುಕಾಗಾ ಚಿಗುಸಾ ಅದನ್ನು ಬೇಕೆಂದೇ ಹಾಗೆ ಜೋಡಿಸಿದ್ದಳು. ಹೊಳೆದಂಡೆಯ ಬಂಡೆಯಿಂದ ಆ ದವಡೆಯನ್ನು ಚೂರುಚೂರಾಗಿ ಬಿಡಿಸಿದವಳು ಅವಳೇ. ವಿಶ್ವವಿದ್ಯಾಲಯದ ದಿನಗಳೆಲ್ಲ ಆ ಬಂಡೆಯ ಮುಂದೆ ಮಂಡಿಯೂರಿಯೇ ಕಳೆದಿದ್ದವು. ಸಿಕ್ಕಿದ್ದನ್ನು ಅದರ ಜಾಗದಲ್ಲಿಡಬೇಕು, ಸಿಗದ್ದಕ್ಕೆ ಜಾಗ ಬಿಡಬೇಕು ಎನ್ನುವುದು ಅವಳ ಪಾಲಿಗೆ ಶಾಸ್ತ್ರವೂ ಹೌದು, ಮರ್ಯಾದೆಯೂ ಹೌದು. ಗೋಡೆಯ ಕೆಳಗೆ ಒಂದು ಸಣ್ಣ ಫಲಕ: 'ಉಳಿದದ್ದು ಗೊತ್ತಿಲ್ಲ.' ಮಳೆ ಬಂದಾಗ ಒಳಗೆ ನುಗ್ಗುವ ಪ್ರವಾಸಿಗಳು ಅದನ್ನೋದಿ ಛತ್ರಿ ಕೊಡವಿಕೊಂಡು ಹೋಗುತ್ತಿದ್ದರು. ಅವರು ಹೋದಮೇಲೆ ಉಳಿಯುವ ಮೌನದಲ್ಲಿ ಚಿಗುಸಾ ಆ ಖಾಲಿ ಗೋಡೆಯನ್ನು ನೋಡುತ್ತಾ ಕೂರುತ್ತಿದ್ದಳು. ಮಾತಿಗಿಂತ ಅದೇ ಅವಳಿಗೆ ಹಿತವಾಗಿತ್ತು.

ಊರಿನ ಕಚೇರಿಗೆ ಹಿತವಾಗಿರಲಿಲ್ಲ. ಜನ ಬರುತ್ತಿಲ್ಲವೆಂದು ಅದು ಟೋಕಿಯೋದ ಒಂದು ಆಟದ ಕಂಪನಿಯನ್ನು ಕರೆಸಿತು. 'ಮಾಮೊನೊ' ಎಂಬ ಆ ಆಟವನ್ನು ಊರಿನ ಮುದುಕರೂ ಆಡುತ್ತಿದ್ದರು. ಫೋನು ಹಿಡಿದು ಬೀದಿಯಲ್ಲಿ ನಡೆದರೆ ವಿಚಿತ್ರ ಪ್ರಾಣಿಗಳು ಎದುರಾಗುತ್ತವೆ, ಹಿಡಿದು ಸಾಕಬೇಕು. ಇನ್ನು ಮುಂದೆ ನಿಗೊರಿಸೆಯಲ್ಲಿ ಸೋಯಾಗಿಣ್ಣಿನ ತೋಫು ಅಂಗಡಿ, ಸ್ನಾನದಮನೆ, ನೂಡಲ್ಸ್ ಹೋಟೆಲು ಹೀಗೆ ಎಲ್ಲಿ ಏನು ಕೊಂಡರೂ ಆಟದೊಳಗೆ ಒಂದೊಂದು ಮೂಳೆಕಲ್ಲು ಸಿಗುತ್ತದೆ. ಎಲ್ಲವನ್ನೂ ಕೂಡಿಸಿ ವಸ್ತುಸಂಗ್ರಹಾಲಯದ ಯಂತ್ರದ ಮುಂದೆ ಫೋನು ಹಿಡಿದರೆ ಪ್ರಾಣಿ ಬದುಕಿ ಎದ್ದುಬರುತ್ತದೆ. ಅದರ ಹೆಸರು ನಿಗೊಡೊನ್.

ಕಂಪನಿಯ ಮಿಯೊಶಿ ಎಂಬ ಯುವಕ ಸಭೆಯಲ್ಲಿ ಚಿತ್ರ ತೋರಿಸಿದ. ಎರಡು ಕಾಲ ಮೇಲೆ ನಿಂತ ಕೆಂಡದ ಬಣ್ಣದ ಪ್ರಾಣಿ. ಹಣೆಯಿಂದ ತೋಳುದ್ದದ ಕೊಂಬು, ಕೊಂಬಿನ ತುದಿಯಲ್ಲಿ ಬೆಂಕಿ.

"ಕೊಂಬು..." ಎಂದಳು ಚಿಗುಸಾ.

"ಚೆನ್ನಾಗಿದೆ ಅಲ್ವಾ ಸೆನ್‌ಸೇ! ಸೊಪ್ಪು ತಿನ್ನೋ ಪ್ರಾಣಿ ಅಂದ್ರಲ್ಲ, ಅದಕ್ಕೇ ಒಂಚೂರು ಖಾರ ಹಾಕಿದ್ವಿ." ಗುರುಗಳನ್ನು ಕರೆಯುವ ಮರ್ಯಾದೆಯಲ್ಲಿ ಕರೆದು ಮಿಯೊಶಿ ನಕ್ಕ. "ಒಂದೇ ಒಂದು ಕೋರಿಕೆ. ಗೋಡೆ ಮೇಲಿನ ಮೂಳೆಗೆ ಫೋನ್ ಹಿಡಿದ್ರೆ ಅದು ಕುಣೀಬೇಕು. ಆದ್ರೆ ಅಲ್ಲಿ ತಲೇನೇ ಇಲ್ವಲ್ಲ. ಕೊಂಬಿರೋ ಒಂದು ತಲೆಬುರುಡೆ ಸಿಕ್ಕಿಸಿದ್ರೆ ಕ್ಯಾಮೆರಾಗೆ ಗುರುತು ಸಿಗುತ್ತೆ."

ವಸ್ತುಸಂಗ್ರಹಾಲಯದ ನಿರ್ದೇಶಕ ಹತಾಜಾವಾ ತಲೆಯಾಡಿಸಿದರು. ಮೀನುಗಾರಿಕೆ ಇಲಾಖೆಯಿಂದ ವರ್ಗವಾಗಿ ಬಂದವರು, ನಿವೃತ್ತಿಗೆ ಹತ್ತಿರವಿದ್ದರು. "ಖಾಲಿ ಬಿಟ್ರೆ ದುಡ್ಡಿಲ್ಲ ಅನ್ಕೊಳ್ತಾರೆ ಜನ. ಹಬ್ಬಕ್ಕೆ ಕಾಗದದ ದೀಪದ ಬೊಂಬೆ ಕಟ್ತಾರಲ್ಲ, ಅವರ ಹತ್ರಾನೇ ಮಾಡಿಸೋಣ. ಕೆಳಗೆ 'ಪುನರ್ರಚನೆ: ನುಕಾಗಾ ಚಿಗುಸಾ' ಅಂತ ಬರೆಸಿದ್ರೆ ನಿಮಗೂ ಹೆಸರು. ಯಾರದಾದ್ರೂ ತಕರಾರಿದೆಯಾ?"

ಚಿಗುಸಾ ಚಹಾದ ಬಟ್ಟಲನ್ನೇ ನೋಡಿದಳು. ಆ ಕೊಂಬು ಒಮ್ಮೆ ಗೋಡೆ ಏರಿದರೆ ಇಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಮೊದಲು ಮಕ್ಕಳ ಚಿತ್ರದಲ್ಲಿ ಬರುತ್ತದೆ, ಆಮೇಲೆ ಶಾಲೆಯ ಪುಸ್ತಕದಲ್ಲಿ, ಆಮೇಲೆ ಬೀದಿಯ ಚರಂಡಿ ಮುಚ್ಚಳದ ಮೇಲೆ. ಅವಳು ಸತ್ತಮೇಲೂ ಅವಳ ಹೆಸರಿನಡಿ ಆ ಪ್ರಾಣಿ ಇಲ್ಲದ ಕೊಂಬು ಹೊತ್ತು ನಿಂತಿರುತ್ತದೆ. ಇದನ್ನೆಲ್ಲ ಅವಳು ಹೇಳಿದಳು, ಮೌನದಲ್ಲಿ. ಇಷ್ಟು ದೀರ್ಘವಾಗಿ ಸುಮ್ಮನಿದ್ದರೆ ಯಾರಿಗೆ ತಾನೆ ಅರ್ಥವಾಗುವುದಿಲ್ಲ ಎಂದುಕೊಂಡಳು.

"ಹಾಗಾದ್ರೆ ಎಲ್ಲರ ಒಪ್ಪಿಗೆ" ಎಂದರು ಹತಾಜಾವಾ.

ಮರುವಾರ ಕೊಂಬಿನ ಕಾಗದ ಮೇಜಿನಿಂದ ಮೇಜಿಗೆ ಬಂತು. ಒಪ್ಪಿಗೆಯ ಸಹಿಯ ಬದಲು ಎಲ್ಲರೂ ತಮ್ಮ ತಮ್ಮ ಹೆಸರಿನ ಮುದ್ರೆ ಒತ್ತಬೇಕು. ನಿರ್ದೇಶಕರ ಮುದ್ರೆ ನೆಟ್ಟಗೆ. ಕೆಳಗಿನವರದು ಒಬ್ಬರಿಗಿಂತ ಒಬ್ಬರದು ಹೆಚ್ಚು ಓರೆಯಾಗಿ, ಮೇಲಿನವರ ಮುದ್ರೆಯತ್ತ ಬಾಗಿ ನಮಸ್ಕರಿಸುವಂತೆ. ಕೊನೆಯ ಚೌಕ ಚಿಗುಸಾಳದು. ಅವಳು ಬಹಳ ಹೊತ್ತು ಯೋಚಿಸಿ, ಉಸಿರು ಬಿಗಿಹಿಡಿದು, ತನ್ನ ಮುದ್ರೆಯನ್ನು ಕಂಬದಂತೆ ನೆಟ್ಟಗೆ ಒತ್ತಿದಳು. ಬದುಕಿನಲ್ಲಿ ಅಷ್ಟು ಜೋರಾಗಿ ಅವಳೆಂದೂ ಕೂಗಿರಲಿಲ್ಲ.

ಸಂಜೆಯೊಳಗೆ ಹತಾಜಾವಾ ಕರೆಸಿದರು. ಸದ್ಯ, ಕೇಳಿಸಿತಲ್ಲ ಎಂದುಕೊಂಡಳು ಚಿಗುಸಾ.

"ನುಕಾಗಾ-ಸಾನ್, ಇದೇನಿದು?"

"ಅದು... ಆ ಕೊಂಬು..."

"ಕೊಂಬಿನ ಮಾತು ಬಿಡಿ. ವರ್ಷವರ್ಷದ ಗುತ್ತಿಗೆ ಮೇಲಿರೋರು ನೀವು, ನಿಮ್ಮ ಮುದ್ರೆ ನನ್ನ ಸಮಕ್ಕೆ ನಿಂತಿದೆ. ನನಗೇನೋ ಪರವಾಗಿಲ್ಲ. ಮೇಯರ್ ನೋಡಿದ್ರೆ ನಾನೇ ನಿಮಗೆ ಬಗ್ಗೋದು ಕಲಿಸಿಲ್ಲ ಅನ್ನಲ್ವಾ?" ಅವರು ಹೊಸ ಪ್ರತಿಯೊಂದನ್ನು ಮುಂದೆ ತಳ್ಳಿದರು. ಚಿಗುಸಾ ಓರೆಯಾಗಿ ಒತ್ತಿದಳು. "ಇನ್ನೊಂಚೂರು ಬಾಗಿದ್ರೆ ಚೆನ್ನಾಗಿರ್ತಿತ್ತು" ಎಂದರು ಹತಾಜಾವಾ, ಬೇಸರವಿಲ್ಲದೆ.

ಉದ್ಘಾಟನೆಗೆ ಮುಂಚೆಯೇ ಅಂಗಡಿಗಳಲ್ಲಿ ಕಲ್ಲು ಹಂಚುವುದು ಶುರುವಾಯಿತು. ಯಂತ್ರವೂ ಬಂತು, ಅನ್ನದ ಕುಕ್ಕರಿನ ಹಾಗೆ ಗುಂಡಗಿತ್ತು. ತೋಫು ಮಾರುವ ಉಶಿಯೊ ಅಜ್ಜಿ ಅಂಗಡಿ ಮುಚ್ಚಿದವಳೇ ದಿನಾ ಅಲ್ಲಿಗೆ ಹಾಜರು. ಅವಳ ಅಂಗಡಿಯಲ್ಲಿ ಅವಳೇ ತೋಫು ಕೊಂಡು, ಅವಳೇ ಕಲ್ಲು ಗಳಿಸುತ್ತಿದ್ದಳು.

"ಇದುವರೆಗೆ ಎಷ್ಟು ಬದುಕ್ಸಿದೀರಿ, ಬಾ-ಚಾನ್?" ಎಂದು ಚಿಗುಸಾ ಕೇಳಿದಳು.

"ಲೆಕ್ಕ ಯಾರಿಟ್ರು, ಚೀ-ಚಾನ್? ಒಂದನ್ನ ಇಟ್ಕೊಂಡೆ. ಮಿಕ್ಕಿದ್ದನ್ನೆಲ್ಲ ಪುಡಿ ಮಾಡಿ ಅದಕ್ಕೇ ತಿನ್ನಿಸ್ದೆ. ಹಾಗ್ ಮಾಡಿದ್ರೇ ಕೊಂಬು ಬೆಳೆಯೋದು."

"ಅಷ್ಟು ಕಾಲ ಮಣ್ಣಲ್ಲಿದ್ದು ಎದ್ದು ಬಂದಿದ್ದಕ್ಕೆ ಇದೇನಾ ಸತ್ಕಾರ?"

"ತೆಪ್ಪಗೆ ಮಲಗಿರ್ಬೇಕಿತ್ತು ಅದು. ಯಾರ್ ಕರೆದ್ರು?" ಅಜ್ಜಿ ಫೋನಿನಿಂದ ತಲೆಯೆತ್ತಿ ಗೋಡೆಯತ್ತ ನೋಡಿದಳು. "ಅಲ್ಲ ಕಣೇ, ನಿಜವಾಗ್ಲೂ ಅದಕ್ಕೆ ಕೊಂಬಿತ್ತಾ?"

"ಇರ್ಲಿಲ್ಲ ಅನ್ಸುತ್ತೆ. ತಲೇನೇ ಸಿಕ್ಕಿಲ್ಲ."

"ಮತ್ತೆ ಅವರಿಗೆ ಹೇಳ್ಲಿಲ್ವಾ?"

"ಹೇಳ್ದೆ."

"ಹೇಗೆ ಹೇಳ್ದೆ? ನನಗೆ ಹೇಳ್ದಂಗಾ, ಇಲ್ಲ ಸುಮ್ನೆ ಕೂತ್ಕೊಂಡು ಚಹಾ ನೋಡ್ದಂಗಾ?"

ಚಿಗುಸಾ ಯಂತ್ರದ ಮೇಲಿನ ಧೂಳು ಒರೆಸತೊಡಗಿದಳು.

"ಅದೇ ಅನ್ಕೊಂಡೆ" ಎಂದಳು ಅಜ್ಜಿ. "ನಿನ್ ಮುಖ ನೋಡಿದ್ರೆ ಏನೂ ಗೊತ್ತಾಗಲ್ಲ ಮಗಳೇ, ತೋಫು ಇದ್ದಂಗಿದೆ."

ಉದ್ಘಾಟನೆಯ ಬೆಳಗ್ಗೆ ನಡುಕೋಣೆಯ ಸುತ್ತ ಕೆಂಪು ಬಿಳಿ ಪಟ್ಟಿಯ ಪರದೆ ಇಳಿಬಿಟ್ಟಿದ್ದರು. ಬಿದಿರುಕಡ್ಡಿಗೆ ಕಾಗದ ಅಂಟಿಸಿ ಮಾಡಿದ ತಲೆಬುರುಡೆ ಒಂದು ಕೊಕ್ಕೆಗೆ ತೂಗುಬಿದ್ದಿತ್ತು, ಕೊಂಬಿನ ತುದಿಯಲ್ಲಿ ಸಣ್ಣ ಬಲ್ಬು. 'ಉಳಿದದ್ದು ಗೊತ್ತಿಲ್ಲ' ಎಂಬ ಫಲಕ ಹೋಗಿ ಅವಳ ಹೆಸರಿನ ಫಲಕ ಬಂದಿತ್ತು. ಪತ್ರಿಕೆಯವರು, ದೂರದೂರಿನ ಆಟಗಾರರು, ಊರಿನ ಅಂಗಡಿಯವರು ಕಿಕ್ಕಿರಿದಿದ್ದರು. ಮೇಯರ್ ಇನುಕಾಯ್ ಭಾಷಣ ಮುಗಿಸಿ, "ಈಗ ನಮ್ಮ ಸೆನ್‌ಸೇ ಈ ಭವ್ಯವಾದ ಕೊಂಬಿನ ಗುಟ್ಟು ಹೇಳ್ತಾರೆ" ಎಂದು ಮೈಕು ಕೊಟ್ಟರು.

ಚಿಗುಸಾ ಗೋಡೆಯ ಪಕ್ಕ ನಿಂತಳು. 'ಕೊಂಬು ಇರಲಿಲ್ಲ' ಎನ್ನುವುದು ಎರಡೇ ಮಾತು. ಅವು ಗಂಟಲವರೆಗೆ ಬಂದು, ಮೇಯರರ ನಗುಮುಖ ಕಂಡು ಹಿಂದಿರುಗಿದವು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಅವಳು ತಲೆ ತಗ್ಗಿಸಿ ಮೈಕು ಹಿಡಿದು ನಿಂತೇ ಇದ್ದಳು. ಕೋಣೆ ನಿಶ್ಶಬ್ದವಾಯಿತು. ಆ ನಿಶ್ಶಬ್ದ ಬೆಳೆಯಿತು, ಮುಜುಗರವಾಯಿತು, ಆಮೇಲೆ ಮುಜುಗರವನ್ನೂ ದಾಟಿತು.

ನಿಗೊರಿಸೆಯಲ್ಲಿ ಮುರಿದ ಸೂಜಿಗೂ ಹಳೆಯ ಬೊಂಬೆಗೂ ಬಲೆಗೆ ಬಿದ್ದ ಮೀನಿಗೂ ಕೈಮುಗಿಯುವ ದಿನಗಳಿವೆ. ಮೇಯರ್ ಇನುಕಾಯ್‌ಗೆ ತಟ್ಟನೆ ಹೊಳೆಯಿತು. ಎಷ್ಟು ಸೂಕ್ಷ್ಮದ ಹುಡುಗಿ! ಸತ್ತ ಪ್ರಾಣಿಗಾಗಿ ಮೌನ ಪ್ರಾರ್ಥನೆ ಮಾಡುತ್ತಿದ್ದಾಳೆ, ತಾನು ಮಾತ್ರ ಕತ್ತೆತ್ತಿಕೊಂಡು ನಿಂತಿದ್ದೇನೆ. ಅವರು ಅವಸರದಿಂದ ತಲೆಬಾಗಿ ಕಣ್ಣು ಮುಚ್ಚಿದರು. ಅವರನ್ನು ಕಂಡು ಹತಾಜಾವಾ ಬಾಗಿದರು, ಅವರಿಗಿಂತ ಒಂದಿಷ್ಟು ಹೆಚ್ಚಾಗಿ. ಸಾಲುಸಾಲಾಗಿ ಇಡೀ ಕೋಣೆ ಬಾಗಿತು. ಪತ್ರಿಕೆಯವರು ಕ್ಯಾಮೆರಾ ಇಳಿಸಿದರು.

ಚಿಗುಸಾ ತಲೆಯೆತ್ತಿದಾಗ ಎದುರಿಗೆ ಬರೀ ನೆತ್ತಿಗಳು. ಅವಳಿಗೆ ಮೊದಲು ಏನೂ ತಿಳಿಯಲಿಲ್ಲ, ತಿಳಿದಾಗ ಬೆವರಿದಳು. ಇಂಥ ಪ್ರಾರ್ಥನೆಗೆ 'ಮುಗಿಯಿತು' ಎಂದು ಯಾರಾದರೂ ಹೇಳಬೇಕು. ಅದನ್ನು ಹೇಳುವವರು ನಿರೂಪಕರೆಂದು ಮೇಯರ್, ಮೇಯರೆಂದು ನಿರೂಪಕರು, ಸೆನ್‌ಸೇ ಎಂದು ಉಳಿದವರು ಕಾಯುತ್ತಿದ್ದರು. ಮೊದಲು ಕಣ್ಣು ಬಿಟ್ಟು ಒರಟನೆನಿಸಿಕೊಳ್ಳಲು ಒಬ್ಬರೂ ತಯಾರಿರಲಿಲ್ಲ.

ಅಷ್ಟು ಜನ ಅಷ್ಟು ಹೊತ್ತು ಅವಳ ಮೌನವನ್ನು ಕೇಳಿಸಿಕೊಂಡದ್ದು ಅದೇ ಮೊದಲು. ಕೇಳಿಸಿಕೊಂಡವರಲ್ಲಿ ಒಬ್ಬರಿಗೂ ಅದು ಅರ್ಥವಾಗಿರಲಿಲ್ಲ. ಅವಳಿಗೆ ನಗು ಬಂತು, ಆಮೇಲೆ ಸಿಟ್ಟು ಬಂತು, ಮೌನದ ಮೇಲೇ. ಇಷ್ಟು ವರ್ಷ ನಂಬಿಕೊಂಡು ಬಂದದ್ದು ಇದನ್ನೇ! ಅವಳು ಮೈಕನ್ನು ನೆಲದ ಮೇಲಿಟ್ಟು, ಕೈಚಾಚಿ, ತಲೆಬುರುಡೆಯನ್ನು ಕೊಕ್ಕೆಯಿಂದ ಎತ್ತಿದಳು. ಟೋಪಿಯಷ್ಟು ಹಗುರವಿತ್ತು. ಪರದೆಯ ಹಿಂದೆ ನಿಧಾನವಾಗಿ ಇಟ್ಟು ಬಂದು ತನ್ನ ಜಾಗದಲ್ಲಿ ನಿಂತಳು. ಆಗ ಕಂಡಿತು, ಮುಂದಿನ ಸಾಲಿನಲ್ಲಿ ಉಶಿಯೊ ಅಜ್ಜಿ ಕಣ್ಣು ಬಿಟ್ಟುಕೊಂಡೇ ಇದ್ದಳು.

"ಮುಗೀತು, ಎಲ್ರೂ ಕಣ್ಬಿಡಿ" ಎಂದಳು ಅಜ್ಜಿ. "ಸೊಂಟ ಹಿಡ್ಕೊಂಡಿದೆ ನಂಗೆ."

ಕಣ್ಣು ಬಿಟ್ಟವರಿಗೆ ಗೋಡೆಯ ಮೇಲೆ ಮೂಳೆ ಕಂಡವು, ಕೊಂಬು ಕಾಣಲಿಲ್ಲ. ಎಲ್ಲಿ ಹೋಯಿತೆಂದು ಕೇಳಿದರೆ ಕಾರ್ಯಕ್ರಮದ ಪಟ್ಟಿಯನ್ನು ತಾನು ಓದಿಲ್ಲವೆಂದು ಒಪ್ಪಿಕೊಂಡಂತೆ ಎಂದು ಪ್ರತಿಯೊಬ್ಬರೂ ಭಾವಿಸಿದರು. ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಮೇಯರ್ ಪತ್ರಿಕೆಯವರಿಗೆ ಹೇಳಿದರು: "ನಮ್ಮ ಪ್ರಾರ್ಥನೆಯೊಂದಿಗೆ ಕೊಂಬು ಆ ಕಾಲಕ್ಕೇ ಮರಳಿತು. ಇದು ನಮ್ಮ ಊರಿನ ಕಲ್ಪನೆ."

ಮಧ್ಯಾಹ್ನ ಹತಾಜಾವಾ ಬಾಗಿಲು ಹಾಕಿಕೊಂಡು ಅವಳನ್ನು ಕೂರಿಸಿದರು. "ಎಲ್ಲಿದೆ?"

"ಪರದೆ ಹಿಂದೆ."

"ಒಳ್ಳೇ ಪ್ರದರ್ಶನ ಮಾಡಿದ್ರಿ, ಎಲ್ಲರಿಗೂ ಇಷ್ಟ ಆಯ್ತು. ನಾಳೆ ಬೆಳಗ್ಗೆ ಮತ್ತೆ ಸಿಕ್ಕಿಸಿಬಿಡಿ."

ಚಿಗುಸಾ ಲೆಕ್ಕ ಹಾಕಿದಳು. ಸುಮ್ಮನಿದ್ದರೆ ನಾಳೆ ಬೆಳಗ್ಗೆ ಕೊಂಬು ಮೇಲಿರುತ್ತದೆ.

"ಸಿಕ್ಕಿಸಲ್ಲ."

"ಅಂದ್ರೆ, ನಾಡಿದ್ದು?"

"ನಾಡಿದ್ದೂ ಇಲ್ಲ. ಆ ಪ್ರಾಣಿಗೆ ಕೊಂಬಿತ್ತು ಅನ್ನೋದಕ್ಕೆ ಸಾಕ್ಷಿನೇ ಇಲ್ಲ. ನನ್ನ ಹೆಸರು ಹಾಕಿ ಸುಳ್ಳು ತೂಗುಹಾಕೋಕೆ ನಾನು ಬಿಡಲ್ಲ."

ಹತಾಜಾವಾ ಅವಳನ್ನು ಬೆಕ್ಕಸಬೆರಗಾಗಿ ನೋಡಿದರು. ಆ ಮಾತಿನ ಹಿಂದೆ ಬೇರೆ ಅರ್ಥವೇನಾದರೂ ಇದೆಯೇ ಎಂದು ಹುಡುಕಿದರು, ಸಿಗಲಿಲ್ಲ. "ಇದನ್ನ ಸಭೇಲೇ ಹೇಳ್ಬಹುದಿತ್ತಲ್ಲ?" ಎಂದರು, ನಿಜವಾಗಿ ನೊಂದು.

"ಹೇಳ್ಬೇಕಿತ್ತು. ಹೇಳಿಲ್ಲ. ಈಗ ಹೇಳ್ತಿದೀನಿ."

ಬೇರೆಯವರ ಕೈಯಿಂದ ಕೊಂಬು ಹಾಕಿಸಬಹುದಿತ್ತು. ಆದರೆ ಅದಕ್ಕೆ ಹೊಸ ಕಾಗದ ಹೊರಡಿಸಿ ಕಾರಣ ಬರೆಯಬೇಕು. ಮೇಯರ್ ಕಣ್ಣು ಮುಚ್ಚಿದ್ದಾಗ ಕೊಂಬು ಹೋಯಿತೆಂದು ಬರೆದು ಮೊದಲ ಮುದ್ರೆ ಒತ್ತುವ ಧೈರ್ಯ ಕಚೇರಿಯಲ್ಲಿ ಒಬ್ಬರಿಗೂ ಬರಲಿಲ್ಲ. ಮಿಯೊಶಿ ಮಾತ್ರ ಟೋಕಿಯೋದಿಂದ ಫೋನು ಮಾಡಿ ಕುಣಿದಾಡಿದ. ಕೊಂಬಿಲ್ಲದ ನಿಗೊಡೊನ್ ಆಟದಲ್ಲೇ ಅತಿ ಅಪರೂಪದ ತಳಿಯಾಗಿ ಬಂತು. ಅದನ್ನು ಎಬ್ಬಿಸಲು ಜನ ಮೊದಲಿಗಿಂತ ಹೆಚ್ಚು ತೋಫು ಕೊಂಡರು. ಎಬ್ಬಿಸಿದ್ದನ್ನು ಪುಡಿ ಮಾಡಿ ಕೊಂಬಿರುವುದಕ್ಕೆ ತಿನ್ನಿಸಿದರು.

ಮಾರ್ಚಿನ ಕೊನೆಯ ದಿನ ಚಿಗುಸಾಳ ಗುತ್ತಿಗೆ ಮುಗಿಯಿತು, ನವೀಕರಣವಾಗಲಿಲ್ಲ. ಹತಾಜಾವಾ ಮುಖ ತಪ್ಪಿಸುತ್ತಾ ಕಾರಣ ಹೇಳಿದರು: "ನಿಮ್ಮ ಕೆಲಸದಲ್ಲಿ ಕೊರತೆ ಇಲ್ಲ. ಆದ್ರೆ... ನೀವು ಮಾತು ಸ್ವಲ್ಪ ಜಾಸ್ತಿ ಅಂತ ಮೇಲಿನವರ ಅಭಿಪ್ರಾಯ."

ಅವಳು ಎದ್ದುಹೋಗಿ ತನ್ನ ಹೆಸರಿನ ಫಲಕವನ್ನು ಗೋಡೆಯಿಂದ ಬಿಚ್ಚಿದಳು. ಹಳೆಯ ಫಲಕದ ಮೊಳೆಯನ್ನೇ ಬಳಸಿದ್ದರು, ಅದು ತುಕ್ಕು ಹಿಡಿದಿತ್ತು, ಹೊತ್ತಾಯಿತು. ಹಿಂದೆ ಫೋನು ಹಿಡಿದು ನಿಂತಿದ್ದ ದಂಪತಿ ಸರಿಯುವಂತೆ ಕೇಳಲಾರದೆ ಕೆಮ್ಮಿದರು. ಕೊನೆಗೆ ಹೆಂಗಸು, "ಕ್ಷಮಿಸಿ, ಇದರ ತಲೆ ಎಲ್ಲಿ?" ಎಂದಳು.

"ಇನ್ನೂ ಹೊಳೆದಂಡೇಲೇ ಇರ್ಬಹುದು" ಎಂದಳು ಚಿಗುಸಾ. "ನಾಳೆಯಿಂದ ಕೆಲಸ ಇಲ್ಲ ನಂಗೆ. ಹೋಗಿ ಹುಡುಕ್ತೀನಿ."