ರಸ್ತೆಯಿಂದ ನೂರು ಹೆಜ್ಜೆ

ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಯ ಕಾಲ ಮುಗಿಯಲು ಇನ್ನೆರಡೇ ದಿನ. ಆರ್ಲಿಸ್ ಹಾಗನ್ ಮನೆಯ ಫ್ರೀಜರ್ ಮಾತ್ರ ಖಾಲಿ. ನಲವತ್ತೆರಡು ವರ್ಷದಲ್ಲಿ ಒಮ್ಮೆಯೂ ಬರಿಗೈಯಲ್ಲಿ ಮನೆಗೆ ಬಂದವಳಲ್ಲ ಆಕೆ. ಈ ಸಲ ಮೊಣಕಾಲು ಕೈಕೊಟ್ಟಿತ್ತು. "ಸಾಕು ಬಿಡಿ ಅತ್ತೆ, ಬಂದೂಕು ಗೋಡೆಗೆ ತೂಗುಹಾಕಿ" ಎಂದು ಸೊಸೆ ಅಂದಿದ್ದಳು. ಆ ಮಾತು ಎದೆಗೆ ನಾಟಿತ್ತು.

ಬೆಳಿಗ್ಗೆ ಪಕ್ಕದ ಮನೆಯ ಡ್ವೇನ್‌ನನ್ನು ಹತ್ತಿಸಿಕೊಂಡು ಪಿಕಪ್ ಹೊರಡಿಸಿದಳು. ಡ್ವೇನ್ ಆಕೆಯ ಜೊತೆ ಶಾಲೆಗೆ ಹೋದವನು. ಈಗ ಊರ ಮಕ್ಕಳಿಗೆ ಬೇಟೆಯ ನಿಯಮ ಕಲಿಸುತ್ತಾನೆ, ಕೇಳದವರಿಗೂ ಕಲಿಸುತ್ತಾನೆ.

ಸರ್ಕಾರಿ ಹುಲ್ಲುಗಾವಲಿನ ಮಣ್ಣುರಸ್ತೆಯಲ್ಲಿ ಆರ್ಲಿಸ್ ಗಕ್ಕನೆ ಬ್ರೇಕ್ ಹಾಕಿದಳು. ದಿಣ್ಣೆಯ ನೆತ್ತಿಯ ಮೇಲೆ ಒಂದು ಗಂಡು ಎಲ್ಕ್, ಅದರ ಹಿಂದೆ ಬರೀ ಆಕಾಶ. ಕಿಟಕಿಯ ಗಾಜು ಇಳಿಸಿ ಬಂದೂಕಿಗೆ ಕೈಹಾಕಿದಳು.

"ಏ, ನಿಲ್ಲೇ ಮಾರಾಯ್ತಿ! ಇದೇನು ಬರ್ಗರ್ ಅಂಗಡಿ ಕಿಟಕಿನಾ, ಕೂತಲ್ಲೇ ಕೈ ಚಾಚೋಕೆ?" ಎಂದ ಡ್ವೇನ್.

"ಸುಮ್ನಿರೋ. ಸರ್ಕಾರಿ ಜಾಗ ಅಂದ್ರೆ ನಂದೂ ಜಾಗ. ಪರ್ಮಿಟ್ ಇದೆ. ಒಂದು ನರಪಿಳ್ಳೆ ಕಾಣ್ತಿಲ್ಲ."

"ಜಾಗ ಎಲ್ಲರದ್ದು ಕಣೇ, ರಸ್ತೆನೂ ಎಲ್ಲರದ್ದು. ಅದಕ್ಕೇ ಗಾಡಿ ಒಳಗಿಂದ, ರಸ್ತೆ ಮೇಲಿಂದ, ರಸ್ತೆ ದಾಟಿಸಿ ಹೊಡೀಬಾರ್ದು ಅಂತಿರೋದು. ಸಿಕ್ಕಿಬಿದ್ರೆ ಪರ್ಮಿಟ್ ಹೋಗುತ್ತೆ, ಬಂದೂಕೂ ಹೋಗಬಹುದು."

"ಈ ಮಂಡಿ ಇಟ್ಕೊಂಡು ನಡೀಲಾ? ನೀನೂ ನನ್ ಸೊಸೆ ಕಡೆ ಸೇರ್ಕೊಂಡ್ಯಾ?"

"ನಡೆಯೋಕಾಗದವರಿಗೆ ಬೇರೆ ಪರ್ಮಿಟ್ ಕೊಡ್ತಾರೆ. ನೀನು ಕೇಳಿಲ್ಲ."

"ಅದು ಮುದುಕರಿಗೆ!"

"ಹಾಗಾದ್ರೆ ಇಳಿಯೇ ಹುಡುಗಿ."

ಬೈಯುತ್ತಲೇ ಇಳಿದಳು. ಡ್ವೇನ್ ಗಾಡಿಯನ್ನು ರಸ್ತೆ ಬಿಟ್ಟು ನಿಲ್ಲಿಸಿ, ಎರಡು ಊರುಗೋಲು ತಂದುಕೊಟ್ಟ. ಗುಂಡು ತುಂಬದ ಬಂದೂಕು ಹೆಗಲಿಗೇರಿತು. ಪಕ್ಕದ ದಿಬ್ಬವನ್ನು ಇಬ್ಬರೂ ಏರಿದರು. ನೂರನೆಯ ಹೆಜ್ಜೆಗೆ ಆಕೆ ಉಸಿರು ತೆಗೆದುಕೊಳ್ಳಲು ನಿಂತು ತಲೆ ಎತ್ತಿದಳು.

ಎಲ್ಕ್ ನಿಂತ ನೇರಕ್ಕೇ, ನೆತ್ತಿಯ ಆಚೆ ಅರ್ಧ ಮೈಲಿ ದೂರದಲ್ಲಿ, ಕುರಿ ಕಾಯುವ ಫಿದೆಲ್‌ನ ಬಿಳಿ ಗಾಡಿಮನೆ. ಒಲೆಯ ಹೊಗೆ ಏಳುತ್ತಿತ್ತು. ದುರ್ಬೀನು ಹಿಡಿದು ನೋಡಿದರೆ, ಫಿದೆಲ್ ಹೊರಗೆ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ.

ಆರ್ಲಿಸ್‌ಳ ಕಣ್ಣು ಕೆಳಗಿನ ರಸ್ತೆಯತ್ತ ಹೊರಳಿತು. "ರಸ್ತೆಯಿಂದ ಕಾಣ್ಲೇ ಇಲ್ವಲ್ಲೋ..."

"ಗುಂಡು ಅಷ್ಟು ದೂರಕ್ಕೂ ಹೋಗುತ್ತೆ ಕಣೇ" ಎಂದನಷ್ಟೇ ಡ್ವೇನ್. ಪುಣ್ಯಕ್ಕೆ ಪಾಠ ಮುಂದುವರಿಸಲಿಲ್ಲ.

ಮುಕ್ಕಾಲು ಗಂಟೆ ಕಾದರು. ಎಲ್ಕ್ ಮೇಯುತ್ತಾ ಇಳಿಜಾರಿಗೆ ಬಂತು. ಈಗ ಅದರ ಹಿಂದೆ ಗಟ್ಟಿ ಮಣ್ಣಿನ ಗುಡ್ಡ, ರಸ್ತೆ ಅವರ ಬೆನ್ನಿಗೆ. ಆಗ ಆರ್ಲಿಸ್ ಗುಂಡು ತುಂಬಿದಳು. ಕೂತು, ಊರುಗೋಲುಗಳನ್ನು ಕತ್ತರಿಯಂತೆ ಊರಿ, ಅವುಗಳ ಮೇಲೆ ಬಂದೂಕು ಇಟ್ಟಳು.

ಒಂದೇ ಗುಂಡು. ಎಲ್ಕ್ ನಿಂತಲ್ಲೇ ಉರುಳಿತು!

ಸದ್ದಿಗೆ ಓಡಿಬಂದ ಫಿದೆಲ್ ಮಾಂಸ ಹೊರಲು ಹೆಗಲು ಕೊಟ್ಟ. ಒಂದು ತೊಡೆ ಅವನ ಪಾಲಾಯಿತು. ಸಂಜೆ ಅಂಗಳದಲ್ಲಿ ಕೊಂಬು ನೋಡಿ ಸೊಸೆ ಬಾಯಿ ಬಿಟ್ಟಳು.

"ಗೋಡೆಗೆ ಇದನ್ನ ತೂಗುಹಾಕೋಣ ಕಣಮ್ಮ. ಬಂದೂಕು ಕಪಾಟಲ್ಲೇ ಇರ್ಲಿ" ಎಂದಳು ಆರ್ಲಿಸ್.

"ಮುಂದಿನ ವರ್ಷ ನನ್ನೂ ಕರ್ಕೊಂಡು ಹೋಗಿ ಅತ್ತೆ."

"ಬಾ. ಆದ್ರೆ ನಡೀಬೇಕು."

ಬೇಟೆಗೆ ಹೊರಟ ಅಕ್ಕ ಅಣ್ಣಂದಿರೇ, ನಿಮ್ಮ ಜಾಗದ ನಿಯಮವನ್ನು ಹೊರಡುವ ಮೊದಲೇ ಓದಿಕೊಳ್ಳಿ. ಗಾಡಿಯಿಂದ ಇಳಿಯಿರಿ, ರಸ್ತೆ ಬಿಟ್ಟು ದೂರ ನಡೆಯಿರಿ, ಆಮೇಲೆ ಗುಂಡು ತುಂಬಿ. ಗುರಿಯ ಹಿಂದೆ ಆಕಾಶ ಕಂಡರೆ ಟ್ರಿಗರ್ ಮೇಲಿಂದ ಬೆರಳು ತೆಗೆಯಿರಿ. ಆಚೆ ಯಾರೋ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿರಬಹುದು.