ಹಾರ್ನಿಗೆ ತಿರುಗದ ಮಗು

ನಿಮ್ಮ ಊರಿನಲ್ಲೂ ಇಂಥ ಒಂದು ಮಗು ಇರಬಹುದು. ಎರಡು ವರ್ಷ ಕಳೆದರೂ ಮಾತು ಬಂದಿರುವುದಿಲ್ಲ. ಮನೆಗೆ ಬಂದವರೆಲ್ಲ ಚಹಾ ಕುಡಿದು, ಒಂದೊಂದು ಸಲಹೆ ಕೊಟ್ಟು ಹೋಗುತ್ತಾರೆ. ಸಲಹೆಗೆ ನಮ್ಮ ಕಡೆ ಯಾವತ್ತೂ ಬರಗಾಲ ಇಲ್ಲ.

ಕಲ್ಲುಗುಂಡಿಯ ಅಲಿ ಕುಂಞಿಯವರ ಮನೆಯಲ್ಲೂ ಹೀಗೇ ಆಯಿತು. ಮಡಿಕೇರಿ ರಸ್ತೆಗೆ ತಾಗಿಕೊಂಡೇ ಅವರ ಚಪ್ಪಲಿ ಅಂಗಡಿ, ಅಂಗಡಿಯ ಹಿಂದೆ ಮನೆ. ಮಗ ನೌಷಾದ್ ದಮ್ಮಾಮಿನಲ್ಲಿ ಕೆಲಸಕ್ಕಿದ್ದಾನೆ. ಇಲ್ಲಿರುವುದು ಅಲಿ ಕುಂಞಿ, ಅವರ ಹೆಂಡತಿ ಆಸ್ಯಮ್ಮ, ಸೊಸೆ ಜಸೀನಾ, ಮೊಮ್ಮಗಳು ಅಮೀರಾ. ಘಾಟಿ ಇಳಿದು ಬರುವ ಲಾರಿಗಳು ಅಂಗಡಿಯ ಎದುರು ಹಾರ್ನ್ ಹೊಡೆದರೆ ಗಿರಾಕಿಗಳು ಬೆಚ್ಚಿಬೀಳುತ್ತಿದ್ದರು. ತೊಟ್ಟಿಲಲ್ಲಿದ್ದ ಅಮೀರಾ ಮಾತ್ರ ಕಣ್ಣೇ ಬಿಡುತ್ತಿರಲಿಲ್ಲ.

"ಎಂಥ ಒಳ್ಳೆ ಮಗು! ರೋಡ್ ಬದಿಯ ಮಗು ಅಲ್ವಾ, ಅಭ್ಯಾಸ ಆಗಿದೆ" ಎಂದು ಎಲ್ಲರೂ ಹೊಗಳಿದರು. ಅಜ್ಜ ಹಿಗ್ಗಿಹೋದರು.

ಪಕ್ಕದ ಮನೆಯ ತ್ಯಾಂಪಣ್ಣನ ಮಗಳು ಭವಿತಾ ಆಗ ಮೈಸೂರಿನಲ್ಲಿ ಓದುತ್ತಿದ್ದಳು. ಏನು ಓದುತ್ತಿದ್ದಾಳೆ ಎಂದು ಕೇಳಿದರೆ, ಕಿವಿಗೆ ಸಂಬಂಧಪಟ್ಟ ಏನೋ ಎನ್ನುವುದು ಬಿಟ್ಟು ಊರಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವಳ ಪಿಯುಸಿ ಕಾಲೇಜಿನವರಿಗೂ ಗೊತ್ತಿರಲಿಲ್ಲ. ಡಾಕ್ಟರ್, ಎಂಜಿನಿಯರ್, ಅದು ಸಿಗದಿದ್ದರೆ ನರ್ಸಿಂಗ್, ಅದೂ ಬೇಡವಾದರೆ ಬಿ.ಕಾಂ. ನಾವು ಮಕ್ಕಳ ಮುಂದೆ ಇಡುವುದು ಇಷ್ಟೇ. ಭವಿತಾ ತಾನೇ ಹುಡುಕಿ ಹುಡುಕಿ ಆ ಕೋರ್ಸ್ ಹಿಡಿದಿದ್ದಳು.

"ಕಿವಿ ನೋಡ್ಲಿಕ್ಕೆ ಕಲಿಯುದಕ್ಕೆ ನಾಲ್ಕು ವರ್ಷವಾ ಮಾರಾಯ್ರೆ? ನಾನಾದ್ರೆ ನಾಲ್ಕು ನಿಮಿಷದಲ್ಲಿ ನೋಡಿ ಹೇಳ್ತೇನೆ!" ಎಂದು ಅಲಿ ಕುಂಞಿ ತ್ಯಾಂಪಣ್ಣನನ್ನು ಕಾಡುತ್ತಿದ್ದರು. ಪಾಪ, ತ್ಯಾಂಪಣ್ಣನೂ ನಗುತ್ತಿದ್ದ.

ಅಮೀರಾಳಿಗೆ ಒಂದೂವರೆ ವರ್ಷವಿದ್ದಾಗ ಭವಿತಾ ರಜೆಗೆ ಬಂದಳು. ಅಂಗಡಿಗೆ ಚಪ್ಪಲಿ ಕೊಳ್ಳಲು ಹೋದವಳು ನೆಲದಲ್ಲಿ ಆಡುತ್ತಿದ್ದ ಮಗುವಿನ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದಳು. ಮಗು ತಿರುಗಲಿಲ್ಲ. ಇನ್ನೊಮ್ಮೆ ಜೋರಾಗಿ ತಟ್ಟಿದಳು. ಆಗಲೂ ತಿರುಗಲಿಲ್ಲ.

"ಕಾಕ, ಇವಳ ಕಿವಿ ಒಮ್ಮೆ ಪರೀಕ್ಷೆ ಮಾಡಿಸುವ."

"ಯಾಕೆ, ಕಿವಿಯ ಮೆಷಿನ್ ಮಾರ್ಲಿಕ್ಕೆ ಉಂಟಾ? ನೌಷಾದ್ ಸಹ ಮಾತಾಡಿದ್ದು ಮೂರು ವರ್ಷ ಕಳೆದ ಮೇಲೆ."

"ಮಾರ್ಲಿಕ್ಕೆ ಅಲ್ಲ ಕಾಕ. ಇಷ್ಟು ಸಣ್ಣ ಮಕ್ಕಳ ಕಿವಿ ಪರೀಕ್ಷೆ ಮಾಡುದನ್ನೇ ನಾನು ಕಲಿಯುದು. ಹುಟ್ಟಿದ ಮಗುವಿಗೂ ಮಾಡ್ಲಿಕ್ಕೆ ಆಗ್ತದೆ."

"ನೀನು ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ಮತ್ತೆ ನೀನು ಯಾರು?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಭವಿತಾ ತನ್ನ ಕೆಲಸದ ಹೆಸರು ಹೇಳಿದಳು. ನಗುವಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಅವಳು ಮುಖ ಸಣ್ಣದು ಮಾಡಿಕೊಂಡು ಮನೆಗೆ ಹೋದಳು, ರಜೆ ಮುಗಿಸಿ ಮೈಸೂರು ಬಸ್ಸು ಹತ್ತಿದಳು. ಆ ಹೆಸರು ಯಾರಾದರೊಬ್ಬ ಮೇಷ್ಟ್ರು ನಮ್ಮ ಶಾಲೆಗಳಲ್ಲಿ ಒಂದು ಸಲವಾದರೂ ಹೇಳಿದ್ದರೆ ಅವತ್ತು ಆ ನಗು ಏಳುತ್ತಿರಲಿಲ್ಲ. ಇದನ್ನು ಬರೆಯುತ್ತಿರುವ ನನಗೆ ಈಗಲೂ ಸಿಟ್ಟು ಬರುವುದು ಅದಕ್ಕೇ.

ಮಗುವಿಗೆ ಮೂರು ವರ್ಷವಾಯಿತು. ಅಮೀರಾ ಮಾತಾಡಲಿಲ್ಲ. ಸೇರಿಸಲು ಕರೆದುಕೊಂಡು ಹೋದ ಶಾಲೆಯಲ್ಲಿ, "ಮನೆಯಲ್ಲಿ ಎಷ್ಟು ಭಾಷೆ ಮಾತಾಡ್ತೀರಿ?" ಎಂದು ಕೇಳಿದರು.

"ಬ್ಯಾರಿ ಉಂಟು. ನೆರೆಯವರ ಹತ್ರ ತುಳು. ಮಾಮಿ, ಅಂದ್ರೆ ನನ್ನ ಅತ್ತೆ, ಅವರ ತವರು ಕಾಸರಗೋಡು, ಹಾಗೆ ಮಲಯಾಳಂ. ಅಂಗಡಿಯಲ್ಲಿ ಕನ್ನಡ" ಎಂದಳು ಜಸೀನಾ.

"ಅದೇ ನೋಡಿ! ಮಗುವಿಗೆ ಗೊಂದಲ ಆಗಿದೆ. ಒಂದೇ ಭಾಷೆ ಇಟ್ಟುಕೊಳ್ಳಿ."

ಸುಳ್ಯದಿಂದ ಸುಬ್ರಹ್ಮಣ್ಯದವರೆಗೆ ಎಲ್ಲ ಮಕ್ಕಳೂ ಮೂರು ನಾಲ್ಕು ಭಾಷೆಯಲ್ಲೇ ಬೆಳೆದು, ಅಷ್ಟೂ ಭಾಷೆಯಲ್ಲಿ ಜಗಳವಾಡುತ್ತಾರೆ. ಅದು ಆಗ ಯಾರಿಗೂ ನೆನಪಾಗಲಿಲ್ಲ. ನೌಷಾದ್ ಫೋನಿನಲ್ಲೇ ಅಪ್ಪಣೆ ಹೊರಡಿಸಿದ: ಮನೆಯಲ್ಲಿ ಇನ್ನು ಕನ್ನಡ ಮಾತ್ರ.

"ನನ್ನ ಬಾಯಿಗೆ ಕನ್ನಡ ಬರುದಿಲ್ಲ ಮೋನೆ" ಎಂದು ಆಸ್ಯಮ್ಮ ಮಗನಿಗೆ ಹೇಳಿದರು.

"ಹಾಗಾದ್ರೆ ಮಗುವಿನ ಎದುರು ಸುಮ್ಮನಿರಿ ಉಮ್ಮ. ಅವಳ ಒಳ್ಳೇದಕ್ಕೆ ಹೇಳುದು."

ಆಸ್ಯಮ್ಮ ಸುಮ್ಮನಾದರು. ಮೊಮ್ಮಗಳು ಹತ್ತಿರ ಬಂದರೆ ಬಾಯಿ ತಪ್ಪಿ ಏನಾದರೂ ಬಂದೀತೆಂದು ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಮಾತು ಬೇಕೆನಿಸಿದಾಗ ಹಿತ್ತಿಲಿಗೆ ಹೋಗಿ ಕೋಳಿಗಳ ಹತ್ತಿರ ಮಾತಾಡುತ್ತಿದ್ದರು. ಕ್ರಮೇಣ ಅಮೀರಾ, ಅಜ್ಜಿ ಬೇಕೆಂದರೆ ಪುಟ್ಟ ಕೈಯಿಂದ ತನ್ನ ಬಾಯಿ ಮುಚ್ಚಿ ತೋರಿಸತೊಡಗಿದಳು.

"ಕಳ್ಳಿ, ಅಜ್ಜಿಯನ್ನು ಅಣಕಿಸ್ತಾಳೆ" ಎಂದು ಮನೆಯವರು ನಕ್ಕರು. ಅದು ಅಣಕವಲ್ಲ, ಅವಳು ಅಜ್ಜಿಗೆ ಇಟ್ಟ ಹೆಸರು. ಯಾರಿಗೂ ತಿಳಿಯಲಿಲ್ಲ.

ಅವಳ ನಾಲ್ಕೂವರೆ ವರ್ಷದಲ್ಲಿ ಆಗಬಾರದ್ದು ಆಗುವುದರಲ್ಲಿತ್ತು. ಅಂಗಡಿಯ ಎದುರು ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು. ಅಮೀರಾ ಅದಕ್ಕೆ ಬೆನ್ನು ಹಾಕಿ ಕೂತು ಕಲ್ಲು ಹೆಕ್ಕುತ್ತಿದ್ದಳು. ಕ್ಲೀನರ್ ಬೊಬ್ಬೆ ಹೊಡೆದ, ಲಾರಿಗೆ ಬಡಿದ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅಮೀರಾ ನೋಡಲಿಲ್ಲ. ಜಸೀನಾ ಓಡಿಹೋಗಿ ಎಳೆದುಕೊಂಡದ್ದರಿಂದ ಮಗು ಉಳಿಯಿತು.

ಜಸೀನಾ ಯಾರ ಅಪ್ಪಣೆಗೂ ಕಾಯಲಿಲ್ಲ. ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ನೇರ ತ್ಯಾಂಪಣ್ಣನ ಮನೆಗೆ ಹೋದಳು. ಓದು ಮುಗಿಸಿ ಮಂಗಳೂರಿನ ಆಸ್ಪತ್ರೆಯೊಂದಕ್ಕೆ ಸೇರಿದ್ದ ಭವಿತಾ ಅವತ್ತು ಮನೆಯಲ್ಲಿದ್ದಳು.

"ಅವತ್ತು ನೀನು ಹೇಳಿದ ಪರೀಕ್ಷೆ ಎಲ್ಲಿ ಮಾಡುದು?" ಎಂದು ಬಾಗಿಲಲ್ಲೇ ಕೇಳಿದಳು.

ಮರುದಿನವೇ ಮಂಗಳೂರಿಗೆ ಹೋದರು. ಅಲಿ ಕುಂಞಿ ಅಂಗಡಿ ಮುಚ್ಚಿ ಜೊತೆಗೆ ಬಂದರು. ಹೊರಗಿನ ಸದ್ದು ಬಾರದ ಕೋಣೆಯಲ್ಲಿ ಪರೀಕ್ಷೆ ನಡೆಯಿತು. ಎರಡೂ ಕಿವಿಗಳಲ್ಲಿ ದೊಡ್ಡ ದೋಷವಿತ್ತು.

"ಹಾಗಾದ್ರೆ ಭಾಷೆ ಜಾಸ್ತಿ ಆಗಿ ಗೊಂದಲ ಆದದ್ದಲ್ವಾ?" ಅಲಿ ಕುಂಞಿಯವರ ದನಿ ಇಳಿದಿತ್ತು.

"ಭಾಷೆ ಜಾಸ್ತಿಯಾದರೆ ಮಾತು ನಿಲ್ಲುದಿಲ್ಲ ಕಾಕ. ಇವಳಿಗೆ ಒಂದು ಭಾಷೆಯೂ ಸರಿ ಕೇಳ್ತಾ ಇರ್ಲಿಲ್ಲ."

"ಇನ್ನು ಎಂತ ಮಾಡುದು?"

"ಎರಡೂ ಕಿವಿಗೆ ಮೆಷಿನ್ ಹಾಕುವ. ಮತ್ತೆ ಮಾತಿನ ತರಬೇತಿ. ವರ್ಷಗಟ್ಟಲೆ ಬೇಕು, ಮನೆಯವರೂ ಕಲಿಯಬೇಕು. ಮೆಷಿನ್ ಸಾಕಾಗದಿದ್ರೆ ಮುಂದಿನದ್ದು ಡಾಕ್ಟರ ಹತ್ರ ಕೂತು ಮಾತಾಡುವ."

ಜಸೀನಾ ಕೇಳಿದಳು: "ನೀನು ಹೇಳಿದಾಗಲೇ ಬಂದಿದ್ರೆ?"

"ಅದನ್ನು ಈಗ ಕೇಳಬೇಡ."

"ಹೇಳು."

"ತುಂಬ ಸುಲಭ ಇತ್ತು ಜಸೀನಾ. ಮಾತು ಕಲಿಯುವ ಒಳ್ಳೆ ವರ್ಷಗಳು ಅವೇ."

ಅಲಿ ಕುಂಞಿ ಅಲ್ಲೇ ಅತ್ತರು. ಅತ್ತರೆ ವರ್ಷಗಳು ವಾಪಸ್ ಬರುತ್ತವೆಯೇ?

ಮೆಷಿನ್ ಹಾಕಿಸಿಕೊಂಡು ಅಮೀರಾ ಮನೆಗೆ ಬಂದ ದಿನ ಆಸ್ಯಮ್ಮ ಬಾಗಿಲಲ್ಲೇ ನಿಂತಿದ್ದರು. ಅಭ್ಯಾಸದಂತೆ ತಲೆವಸ್ತ್ರ ಬಾಯಿಯ ಮೇಲಿತ್ತು. "ಇನ್ನು ನಾನು ಮಾತಾಡಬಹುದಾ?" ಎಂದು ಜೊತೆಗೆ ಬಂದಿದ್ದ ಭವಿತಾಳನ್ನು ಬ್ಯಾರಿಯಲ್ಲಿ ಕೇಳಿದರು.

"ನೀವೇ ಮಾತಾಡಬೇಕು ಆಸ್ಯಮ್ಮ. ಬ್ಯಾರಿಯಲ್ಲೇ ಮಾತಾಡಿ."

ಆಸ್ಯಮ್ಮ ತಲೆವಸ್ತ್ರ ಸರಿಸಿ "ಅಮೀರಾ" ಎಂದು ಕರೆದರು. ಮಗು ಬೆಚ್ಚಿತು. ಸದ್ದು ಎಲ್ಲಿಂದ ಬಂತೆಂದು ಸುತ್ತ ನೋಡಿತು. ಅಜ್ಜಿಯ ತುಟಿ ಅಲ್ಲಾಡುವುದನ್ನು ಕಂಡಿತು. ಓಡಿಹೋಗಿ, ತುದಿಗಾಲಲ್ಲಿ ನಿಂತು, ತನ್ನ ಕೈಯಿಂದ ಅಜ್ಜಿಯ ಬಾಯಿ ಮುಚ್ಚಿಬಿಟ್ಟಿತು. ಈ ಮನೆಯಲ್ಲಿ ಅವಳು ಕಲಿತದ್ದು ಅದೊಂದನ್ನೇ.

ಈ ಸಲ ಯಾರೂ ನಗಲಿಲ್ಲ.

ಈಗ ಅಲಿ ಕುಂಞಿ ತಮ್ಮ ಅಂಗಡಿಯ ಪ್ರತಿ ಶೂ ಬಾಕ್ಸಿನಲ್ಲಿ ನೀವು ಓದುತ್ತಿರುವ ಈ ಕರಪತ್ರವನ್ನು ಇಟ್ಟು ಕೊಡುತ್ತಾರೆ. ಶಾಲೆ ಶುರುವಾಗುವ ಜೂನ್ ತಿಂಗಳಿನಲ್ಲಿ ಹೊಸ ಶೂಗಳ ಜೊತೆಗೆ ಇದು ನಿಮ್ಮ ಕೈಗೆ ಬಂದಿರಬಹುದು. ದಯವಿಟ್ಟು ಎಸೆಯಬೇಡಿ.

ಮಕ್ಕಳೇ, ಭವಿತಾಳ ಕೆಲಸದ ಹೆಸರು ವಾಕ್-ಶ್ರವಣ ತಜ್ಞೆ. ಒಮ್ಮೆ ಜೋರಾಗಿ ಓದಿ, ಮನೆಯವರಿಗೂ ಕೇಳಲಿ. ಕಿವಿ ಕೇಳದವರಿಗೆ, ಮಾತು ತೊದಲುವವರಿಗೆ, ಪಾರ್ಶ್ವವಾಯುವಿನಿಂದ ಮಾತು ಹೋದ ಅಜ್ಜಂದಿರಿಗೆ ಇವರು ಬೇಕು. ನೀವು ಇನ್ನೂ ಸಣ್ಣ ತರಗತಿಯಲ್ಲಿದ್ದರೆ, ಹಿಂದಿನಿಂದ ಕರೆದಾಗ ತಿರುಗದ ಗೆಳೆಯನನ್ನು ಕೆಪ್ಪನೆಂದು ಗೇಲಿ ಮಾಡಬೇಡಿ, ಟೀಚರಿಗೆ ಹೇಳಿ. ಹೈಸ್ಕೂಲಿನವರು ಇಂಥ ಕೆಲಸವೊಂದು ಇದೆಯೆಂದು ನೆನಪಿಡಿ. ಪಿಯುಸಿಯಲ್ಲಿ ವಿಜ್ಞಾನ ಓದುತ್ತಿರುವವರೇ, ಇದಕ್ಕೆ ಪದವಿ ಕೋರ್ಸ್ ಇದೆ, ಮೈಸೂರಿನಲ್ಲೂ ಮಂಗಳೂರಿನಲ್ಲೂ ಕಲಿಸುತ್ತಾರೆ, ಹೋಗಿ ವಿಚಾರಿಸಿ. ಪುತ್ತೂರು, ಸುಳ್ಯ, ಕಡಬದ ಮೇಷ್ಟ್ರುಗಳೇ, ಟೀಚರುಗಳೇ, ಡಾಕ್ಟರ್ ಎಂಜಿನಿಯರ್ ಎಂದು ಹೇಳಿ ಮುಗಿದ ಮೇಲೆ ಇದನ್ನೂ ಒಂದು ಸಲ ಹೇಳಿ.

ಮತ್ತೆ ದೊಡ್ಡವರೇ, ನಿಮ್ಮ ಮನೆಯಲ್ಲಿ ಸಣ್ಣ ಮಗುವಿದ್ದರೆ ಇವತ್ತೇ ಅದರ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕರೆಯಿರಿ. ತಿರುಗದಿದ್ದರೆ ಹೊಗಳುತ್ತಾ ಕೂರಬೇಡಿ, ಪರೀಕ್ಷೆಗೆ ಕರೆದುಕೊಂಡು ಹೋಗಿ. ಅಮೀರಾಳ ಅಜ್ಜಿ ಈಗಲೂ ಮೊದಲು ಅವಳ ಕೈಯನ್ನು ತನ್ನ ಬಾಯಿಯಿಂದ ಮೆಲ್ಲಗೆ ಬಿಡಿಸಿ, ಆಮೇಲೆ ಮಾತಾಡುತ್ತಾರೆ.