ಮೂವತ್ತೊಂದನೇ ತಸವೀರು

ದೇವಿಂದ್ರಪ್ಪ ಓಣಿಯೊಳಗೆ ಕಾಲಿಡುತ್ತಿದ್ದಂತೆ ಮೊದಲನೆಯ ಮನೆಯ ಬಾಗಿಲು ಮುಚ್ಚಿಕೊಂಡಿತು. ಎರಡನೆಯ ಮನೆಯ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಹೆಂಗಸು ಮೊರವನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಅಗಳಿ ಹಾಕಿಕೊಂಡಳು. ಕಮಲಾಪುರದಲ್ಲಿ ಅವನಿಗೆ ಇದು ಹೊಸದಲ್ಲ. ಅವನು ಕಲಬುರಗಿಯ ಅದಾಲತ್ತಿನ ಜವಾನ. ಎದೆಗೆ ಅಡ್ಡಪಟ್ಟಿ, ಪಟ್ಟಿಯ ಮೇಲೆ ಹಿತ್ತಾಳೆಯ ಬಿಲ್ಲೆ, ಬಗಲಲ್ಲಿ ಸಮನ್ಸಿನ ಚೀಲ. ಆದರೆ ಇವತ್ತು ಆ ಚೀಲದಲ್ಲಿ ಈ ಓಣಿಯವರ ಹೆಸರಿನ ಒಂದು ಕಾಗದವೂ ಇರಲಿಲ್ಲ. ಇವತ್ತು ಅವನೇ ಬೇಡಲು ಬಂದವನು. ಅದನ್ನು ಮುಚ್ಚಿದ ಬಾಗಿಲುಗಳಿಗೆ ಹೇಳುವುದು ಹೇಗೆ?

ಅವನಿಗೆ ಬೇಕಾಗಿದ್ದುದು ಒಂದು ತಸವೀರು. ಪೊಟ್ಟಣದೊಳಗಿನ ಸಿಗರೇಟು ಮುರಿಯದಿರಲೆಂದು ಕಂಪನಿಯವರು ಇಡುವ, ಎರಡು ಬೆರಳಗಲದ ರಟ್ಟಿನ ಚಿತ್ರ. ಕುದುರೆ ಛಾಪಿನ ಸಿಗರೇಟಿನಲ್ಲಿ ವಿಲಾಯತಿಯ ಕ್ರಿಕೆಟ್ ಆಟಗಾರರು ಬರುತ್ತಿದ್ದರು. ಒಟ್ಟು ಐವತ್ತು ಜನ, ಪ್ರತಿಯೊಬ್ಬನ ಕಾಲ ಕೆಳಗೂ ಒಂದು ನಂಬರು. ದೇವಿಂದ್ರಪ್ಪ ಸಿಗರೇಟು ಮುಟ್ಟಿದವನಲ್ಲ, ಕ್ರಿಕೆಟ್ಟನ್ನು ಕಣ್ಣಿಂದ ಕಂಡವನೂ ಅಲ್ಲ. ಆರು ವರ್ಷದ ಹಿಂದೆ ಅದಾಲತ್ತಿನ ವರಾಂಡದ ಕಸದಲ್ಲಿ ಬಿದ್ದಿದ್ದ ಒಬ್ಬ ಕೆಂಪು ಟೋಪಿಯ ದೊರೆಯನ್ನು ಎತ್ತಿ ಜೇಬಿಗೆ ಹಾಕಿಕೊಂಡ, ಅಲ್ಲಿಂದ ಹಾಳಾದ. ವಕೀಲರ ಹಿಂದೆ ಹಿಂದೆ ತಿರುಗಿದ. ಬಂಗಲೆಗಳ ತಿಪ್ಪೆ ಕೆದಕಿದ. ಮೋಮಿನಪುರದ ಖಮರುದ್ದೀನನ ಅಂಗಡಿಯ ಮುಂದೆ, ಗಿರಾಕಿಗಳು ಪೊಟ್ಟಣ ಒಡೆಯುವುದನ್ನೇ ಕಾಯುತ್ತ ನಾಚಿಕೆ ಬಿಟ್ಟು ನಿಂತ. ಮೂರು ವರ್ಷದಲ್ಲಿ ನಲವತ್ತೊಂಬತ್ತಾದವು. ಆಮೇಲಿನ ಮೂರು ವರ್ಷ ಒಂದೇ ಒಂದಕ್ಕಾಗಿ ಕಳೆದವು. ಮೂವತ್ತೊಂದನೇ ನಂಬರು ಯಾವ ಪೊಟ್ಟಣದಲ್ಲೂ ಬರಲಿಲ್ಲ.

"ಕಂಪನೀದವ್ರು ಅದನ್ನ ಛಾಪ್ಸೇ ಇಲ್ಲ ಭಾಯ್," ಎಂದು ಖಮರುದ್ದೀನ್ ನಗುತ್ತಿದ್ದ. "ಸಬ್ ಧೋಕಾ. ಐವತ್ತೂ ಸಿಕ್ಕುಬಿಟ್ರ ಮಂದಿ ಪಾಕೀಟು ಯಾಕ ತಗೋತಾರ, ನೀನೇ ಹೇಳು?"

ಈಚೆಗೆ ಆ ಹುಚ್ಚಿಗೆ ಒಂದು ಬೆಲೆಯೂ ಬಂದಿತ್ತು. ಅಲ್ಲಾವುದ್ದೀನ್ ವಕೀಲರಿಗೂ ಅದೇ ಹುಚ್ಚು. ಐವತ್ತೂ ಪೂರ್ತಿ ತಂದರೆ ತಮ್ಮ ಸೈಕಲ್ಲನ್ನೇ ಕೊಟ್ಟುಬಿಡುತ್ತೇನೆಂದು ಮಾತು ಕೊಟ್ಟಿದ್ದರು. ಒಂದು ಕಡಿಮೆಯಾದರೂ ಕೊಡುವುದಿಲ್ಲ ಎಂದೂ ಹೇಳಿದ್ದರು. ಇನ್ನು ಐದು ದಿನಕ್ಕೆ ಅವರು ಹೈದರಾಬಾದಿಗೆ ಮನೆ ಎತ್ತಿಕೊಂಡು ಹೋಗುವವರು. ಊರೂರು ನಡೆದು ಹಿಮ್ಮಡಿ ಒಡೆದುಕೊಂಡ ಜವಾನನಿಗೆ ಸೈಕಲ್ಲೆಂದರೆ ಸಾಮಾನ್ಯವೇ? ಹೆಂಡತಿ ಶಿವಕಾಂತಮ್ಮನಿಗೆ ಅವನು ಸೈಕಲ್ಲಿನ ಮಾತನ್ನೇ ಹೇಳಿ ಬಾಯಿ ಮುಚ್ಚಿಸಿದ್ದ. ನಿಜ ಹೇಳಬೇಕೆಂದರೆ ಸೈಕಲ್ಲು ಇರದಿದ್ದರೂ ಅವನು ಬರುತ್ತಿದ್ದ. ಮೂವತ್ತರ ಪಕ್ಕದಲ್ಲಿ ಮೂವತ್ತೆರಡನ್ನು ಇಡುವಾಗ ಆಗುವ ಸಂಕಟ ಇಟ್ಟವನಿಗೇ ಗೊತ್ತು.

ಆ ಮೂವತ್ತೊಂದು ಕಣ್ಣಿಗೆ ಬಿದ್ದದ್ದು ಹೋದ ವಾರ, ಇದೇ ಓಣಿಯಲ್ಲಿ. ಒಬ್ಬ ರೈತ ಸಮನ್ಸು ತಪ್ಪಿಸಿಕೊಂಡು ಓಡಿಹೋಗಿದ್ದ. ಅಂಥವರ ಕಾಗದವನ್ನು ಅವರ ಬಾಗಿಲಿಗೇ ಅಂಟಿಸಿ ಸಾಕ್ಷಿಯ ಹೆಬ್ಬೆಟ್ಟು ಹಾಕಿಸಿಕೊಳ್ಳುವುದು ಕಾಯಿದೆ. ಊರ ಕಾವಲಿನ ತಳವಾರ ನಾಗಣ್ಣ ಸಾಕ್ಷಿಗೆ ನಿಂತಿದ್ದ. ಕೆಲಸ ಮುಗಿಸಿ ತಿರುಗಿದಾಗ ಪಕ್ಕದ ಗುಡಿಸಲಿನ ಕಿಂಡಿಯೊಳಗೆ, ಗೋಡೆಯಲ್ಲಿ ಕೊರೆದ ದೇವರ ಮಾಡದಲ್ಲಿ, ಬಿಳಿ ಬಟ್ಟೆಯ ದೊರೆಯೊಬ್ಬ ಕುಕ್ಕರುಗಾಲಲ್ಲಿ ಕೂತು ದಪ್ಪ ಕೈಗವಸು ತೊಟ್ಟ ಎರಡೂ ಕೈ ಮುಂದಕ್ಕೆ ಒಡ್ಡಿದ್ದ. ದೇವಿಂದ್ರಪ್ಪ ಕಿಂಡಿಗೆ ಮುಖ ಒತ್ತಿ ನಂಬರು ಓದಿದ. ಮೂರು, ಒಂದು. ಕಣ್ಣುಜ್ಜಿಕೊಂಡು ಮತ್ತೊಮ್ಮೆ ಓದಿದ.

ಮನೆಯಾತ ಮರೆಪ್ಪ ಸರ್ಕಾರಿ ಬಂಗಲೆಯಲ್ಲಿ ನೀರು ಹೊರುವವನು. ಗಂಡ ಹೆಂಡತಿ ಇಬ್ಬರೂ ಮನೆಯಲ್ಲಿರಲಿಲ್ಲ. ಕಲಬುರಗಿಗೆ ಹೊರಟ ಮೋಟಾರು ಗಾಡಿ ಕೂಗುತ್ತಿತ್ತು. "ಮರೆಪ್ಪ ಬಂದ್ರ ಹೇಳು, ಆ ತಸವೀರು ಯಾರ ಕೈಯಾಗೂ ಕೊಡಬ್ಯಾಡಂತ. ಮುಂದಿನ ಶುಕ್ರವಾರ ನಾನೇ ಬರ್ತೀನಿ," ಎಂದು ನಾಗಣ್ಣನಿಗೆ ಒಪ್ಪಿಸಿ ಓಡಿದ್ದ.

ಕಲಬುರಗಿಗೆ ಮರಳಿದವನೇ ಖಮರುದ್ದೀನನಿಗೆ ಸುದ್ದಿ ಹೇಳಿದಾಗ ಅವನು ಒಂದೇ ಮಾತು ಹೇಳಿದ. "ಆ ಬಿಲ್ಲಾ ತೆಗೆದಿಟ್ಟು ಹೋಗು ಭಾಯ್."

"ಬಿಲ್ಲಿ ಇಲ್ದಿದ್ರ ಗಾಡಿಯಾಗ ಬಿಟ್ಟಿ ಯಾರು ಕೂಡಿಸ್ಕೋತಾರ?" ಎಂದಿದ್ದ ದೇವಿಂದ್ರಪ್ಪ.

ಇವತ್ತು ಮರೆಪ್ಪನ ಮನೆಯ ಮುಂದೆ ಬಂದು ಅವನು ನಿಂತುಬಿಟ್ಟ. ಮನೆಯೊಳಗಿದ್ದುದೆಲ್ಲ ಅಂಗಳದಲ್ಲಿತ್ತು. ಎರಡು ಮಡಕೆ, ಒಂದು ಕೌದಿ, ಬೀಸುಕಲ್ಲು, ಹರಿದ ಚೀಲದಲ್ಲಿ ಸ್ವಲ್ಪ ಜೋಳ, ಒಂದು ಸೀರೆ. ಎಲ್ಲವನ್ನೂ ಬಿಸಿಲಲ್ಲಿ ಸಾಲಾಗಿ ಇಟ್ಟಿದ್ದರು. ಪಕ್ಕದಲ್ಲಿ ಮರೆಪ್ಪ ಕೈಮುಗಿದು ನಿಂತಿದ್ದ. ಹೆಂಡತಿ ಭಾಗಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನಾಗಣ್ಣ ಕೋಲು ಊರಿಕೊಂಡು, ತನ್ನ ಕೆಲಸ ಚೊಕ್ಕವಾಗಿ ಮಾಡಿದವನ ಮುಖ ಹೊತ್ತಿದ್ದ.

"ಹುಡುಕ್ರಿ ಎಪ್ಪಾ," ಎಂದ ಮರೆಪ್ಪ. "ಎಲ್ಲಾ ಹೊರಗ ಇಟ್ಟೀವಿ. ನಮ್ಮ ಮನ್ಯಾಗ ಏನೂ ಇಲ್ರೀ."

"ಹುಡುಕಾಕ ಬಂದಿಲ್ಲೋ. ಆ ತಸವೀರು ಎಲ್ಲದ?"

"ಯಾ ತಸವೀರ್ರಿ?"

"ಮಾಡದಾಗ ಇತ್ತಲ್ಲ, ಬಿಳಿ ಅಂಗಿ ದೊರಿದು!"

"ನಮ್ಮಂಥವರ ಮನ್ಯಾಗ ದೊರಿ ಯಾಕ ಇರ್ತಾನ್ರೀ?"

ದೇವಿಂದ್ರಪ್ಪನಿಗೆ ಸಿಟ್ಟು ನೆತ್ತಿಗೇರಿತು. ಕಣ್ಣಾರೆ ಕಂಡಿದ್ದೇನೆ ಎಂದು ಕೂಗಿದ. ಅವನು ಕೂಗಿದಷ್ಟೂ ಮರೆಪ್ಪ ಬಗ್ಗಿದ, ಬಗ್ಗಿದಷ್ಟೂ ಇಲ್ಲವೆಂದ. ಕೊನೆಗೆ ದೇವಿಂದ್ರಪ್ಪ ಅಂಗಿಯೊಳಗಿಂದ ತಗಡಿನ ಡಬ್ಬಿ ತೆಗೆದು ನಲವತ್ತೊಂಬತ್ತನ್ನೂ ಕಟ್ಟೆಯ ಮೇಲೆ ಹರವಿದ. "ನೋಡು, ಇವುಗಳ ಜೋಡಿದು ಅದು. ನನಗ ಅದೊಂದು ಬೇಕು, ಅಷ್ಟೇ."

ಮರೆಪ್ಪ ಆ ಚಿತ್ರಗಳನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. "ಇಷ್ಟೂ ಮನ್ಯಾಗ ಜಪ್ತಿ ಮಾಡೀರೇನ್ರಿ?" ಎಂದ ಸಣ್ಣ ದನಿಯಲ್ಲಿ.

ಆಗ ಭಾಗಮ್ಮ ತಡೆಯಲಾರದೆ ಅತ್ತುಬಿಟ್ಟಳು. "ಸುಟ್ಟೆನ್ರೀ ಎಪ್ಪಾ! ನಿನ್ನಿ ಒಲಿಯಾಗ ಹಾಕಿ ಸುಟ್ಟೆ. ನಮ್ಮವರು ಕದ್ದಿಲ್ರೀ. ಬಂಗಲೆದಾಗ ಸಾಹೇಬ ಒಗದಿದ್ದ, ಎತ್ಕೊಂಡು ಬಂದಾರ. ದೇವರಿಗೆ ಕೈಯೊಡ್ಡಿ ಕುಂತಾನ, ಪಾಪ, ಯಾವ ಬ್ಯಾನಿಯೋ ಏನೋ ಅಂತ ನಾನೇ ಮಾಡದಾಗ ಇಟ್ಟಿದ್ದೆ. ನಾಗಣ್ಣ ಬಂದು, ಅದಾಲತ್ತಿನವರು ನೋಡಿ ಹೋಗ್ಯಾರ, ಶುಕ್ರವಾರ ಹಿಡಿಯಾಕ ಬರ್ತಾರ ಅಂದ..."

"ನೀವು ಹೇಳಿದಂಗೇ ಹೇಳೀನ್ರಿ," ಎಂದ ನಾಗಣ್ಣ.

ದೇವಿಂದ್ರಪ್ಪ ಒಳಗೆ ಬಗ್ಗಿ ನೋಡಿದ. ಒಲೆಯಲ್ಲಿ ಬೂದಿ ಕೂಡ ಇರಲಿಲ್ಲ, ಕೆರೆದು ಗುಡಿಸಿ ಸಾರಿಸಿದ್ದರು. ಹೊಗೆಗೆ ಕಪ್ಪಾದ ಮಾಡದ ಗೋಡೆಯಲ್ಲಿ ಎರಡು ಬೆರಳಗಲದ ಜಾಗ ಮಾತ್ರ ಮಣ್ಣಿನ ಬಣ್ಣ ಉಳಿಸಿಕೊಂಡಿತ್ತು. ಅವನಿಗೆ ಯಾರ ಮೇಲೆ ರೇಗಬೇಕೆಂದೇ ತಿಳಿಯಲಿಲ್ಲ. ನಾಗಣ್ಣನ ಕಪಾಳಕ್ಕೆ ಬಾರಿಸಬೇಕೆನಿಸಿತು, ತನ್ನ ಕಪಾಳಕ್ಕೂ. ಮೂರು ವರ್ಷ ಹುಡುಕಿದ್ದನ್ನು ಮೂರು ಮಾತಿನಲ್ಲಿ ತಾನೇ ಸುಡಿಸಿದ್ದ. ಹರವಿದ ಚಿತ್ರಗಳನ್ನು ನಂಬರಿನ ಪ್ರಕಾರ ಜೋಡಿಸದೆ ಹಾಗೇ ಬಾಚಿ ಡಬ್ಬಿಗೆ ತುರುಕಿದ.

ಎದ್ದು ಹೊರಟವನಿಗೆ ಮರೆಪ್ಪ ಅಡ್ಡ ಬಂದ. "ಒಂದು ಚೀಟಿ ಬರಕೊಡ್ರಿ ಎಪ್ಪಾ."

"ಎಂಥಾ ಚೀಟಿ?"

"ನಮ್ಮ ಮನ್ಯಾಗ ಆ ತಸವೀರು ಸಿಕ್ಕಿಲ್ಲಂತ. ನಾಳಿ ಮತ್ತ ಯಾರರ ಬಂದ್ರ ತೋರಸ್ತೀನಿ. ಉರ್ದುದಾಗ ಬರೀರಿ, ಸರ್ಕಾರಿ ಅಕ್ಷರದಾಗ."

"ಯಾರೂ ಬರಲ್ಲೋ ಮಾರಾಯಾ. ಇದು ಅದಾಲತ್ತಿನ ಕೆಲಸ ಅಲ್ಲ. ನನ್ನ ಹುಚ್ಚು!"

ಮರೆಪ್ಪ ನಂಬಲಿಲ್ಲ. ಬಿಲ್ಲೆಯನ್ನೇ ನೋಡುತ್ತ ನಿಂತ. "ಬರಕೊಡ್ರಿ, ಬಡವರು," ಎಂದು ನಾಗಣ್ಣ ಶಿಫಾರಸು ಮಾಡಿದ. ಅಷ್ಟರಲ್ಲಿ ಆಚೀಚೆಯ ಬಾಗಿಲುಗಳು ಒಂದೊಂದೇ ಬೆರಳಷ್ಟು ತೆರೆದುಕೊಂಡಿದ್ದವು.

ದೇವಿಂದ್ರಪ್ಪ ಅಂಗಳದಲ್ಲಿ ಬೀಸುಕಲ್ಲಿನ ಪಕ್ಕ ಕೂತು, ಚೀಲದಿಂದ ಕಾಗದ, ಮಸಿಯ ದೌತಿ, ಲೇಖನಿ ತೆಗೆದ. ಕಮಲಾಪುರದ ಮರೆಪ್ಪನ ಮನೆಯಲ್ಲಿ ಹುಡುಕಲಾಯಿತು, ಮೂವತ್ತೊಂದನೇ ನಂಬರಿನ ತಸವೀರು ಇಲ್ಲ ಎಂದು ಬರೆದ. ಬರೆದು ಮೇಲೆ ನೋಡಿದ, ಮತ್ತೆ ಬಗ್ಗಿ ಸಹಿ ಹಾಕಿದ. ಭಾಗಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡು ಒಳಗೆ ಹೋದಳು. ಅಂಬಲಿಯ ಗಡಿಗೆಯಲ್ಲಿ ಬೆರಳು ಅದ್ದಿ ಕಾಗದದ ಬೆನ್ನಿಗೆ ಸವರಿದಳು, ಮಾಡದೊಳಗಿನ ಆ ಖಾಲಿ ಜಾಗದ ಮೇಲೆ ಅಂಟಿಸಿ ಅಂಗೈಯಿಂದ ಒತ್ತಿದಳು. ಆಮೇಲೆ ಅವನ ಸಹಿಗೆ ಒಂದು ಬೊಟ್ಟು ಕುಂಕುಮ ಇಟ್ಟಳು.